ನಾಲ್ಕು ಚೌಕ, ಒಂದು ಟಿಕ್ಕು

ಆರಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು. ನಮ್ಮ ಮನೆಯಲ್ಲಿ ಆ ಅಭ್ಯಾಸ ಯಾರಿಗೂ ಇರಲಿಲ್ಲ. ಸೀರೆ ಯಾರೋ ಕೊಟ್ಟದ್ದು, ಊಟ ಇದ್ದದ್ದು, ಕೆಲಸ ಸಿಕ್ಕಿದ್ದು. ಇದರಲ್ಲಿ ‘ನಿನಗೆ ಯಾವುದು ಬೇಕು’ ಎಂದು ಕೇಳುವವರು ಎಲ್ಲಿಂದ ಬರಬೇಕು? ಹೋಟೆಲಿಗೆ ಹೋದರೆ ನಾನು ಈಗಲೂ ಸಪ್ಲೈಯರ್ ಹೇಳಿದ ಪಟ್ಟಿಯಲ್ಲಿ ಕೊನೆಯದನ್ನೇ ತರಿಸಿಕೊಳ್ಳುತ್ತೇನೆ. ಅದು ಇಷ್ಟವೆಂದಲ್ಲ, ಮೊದಲಿನವು ಅಷ್ಟು ಹೊತ್ತಿಗೆ ಮರೆತುಹೋಗಿರುತ್ತವೆ. ಇಂಥವಳ ಕೈಗೆ ನಮ್ಮ ಮ್ಯಾನೇಜರು ಒಂದು ಹಾಳೆ ಕೊಟ್ಟು, ಅದರಲ್ಲಿ ನಾಲ್ಕು ಚೌಕ ತೋರಿಸಿ, ಶನಿವಾರದೊಳಗೆ ಒಂದಕ್ಕೆ ಟಿಕ್ ಹಾಕಿ ಎಂದರು.

ನಾನು ಸಿವಿಲ್ ಇಂಜಿನಿಯರ್. ನಮ್ಮ ವಂಶದಲ್ಲಿ ಪಿಯುಸಿ ಮುಗಿಸಿದವಳೂ ನಾನೇ ಮೊದಲು, ಡಿಗ್ರಿ ಪಡೆದವಳೂ ನಾನೇ ಮೊದಲು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಮಧುಗಿರಿಯಲ್ಲಿ ನಾನು, ಅವ್ವ ಇರುವ ಬಾಡಿಗೆ ಮನೆಯ ಬಾಗಿಲಿಗೆ ನನ್ನ ಹೆಸರಿನ ಮುಂದೆ ಬಿ.ಇ. ಎಂದು ಬರೆಸಿದ ಫಲಕ ಹಾಕಿದ್ದೇನೆ. ಮನೆಯ ಮಾಲೀಕರ ಹೆಸರು ಎಲ್ಲೂ ಇಲ್ಲ. ಪೋಸ್ಟಿನವನು ಅವರ ಕಾಗದಗಳನ್ನೂ ನನಗೇ ಕೊಟ್ಟು ಹೋಗುತ್ತಾನೆ. ಅವರು ಒಂದೆರಡು ಸಲ ಫಲಕ ನೋಡಿ ಕೆಮ್ಮಿದರು, ನಾನು ಕೆಮ್ಮಿಗೆ ಕಷಾಯ ಹೇಳಿಕೊಟ್ಟೆ.

ನಾನು ಸಿವಿಲ್ ಓದಿದ್ದೂ ಆರಿಸಿಕೊಂಡು ಓದಿದ್ದಲ್ಲ. ಅವ್ವ ಕೊರಟಗೆರೆ ಕಡೆಯ ನಮ್ಮೂರಿಂದ ಗಾರೆ ಕೆಲಸಕ್ಕೆ ಹೋಗುತ್ತಿದ್ದವಳು. ಇಪ್ಪತ್ತು ವರ್ಷ ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಹೊತ್ತಳು. ಅವಳು ಕೆಲಸ ಮಾಡುವ ಕಡೆ ವಾರಕ್ಕೊಮ್ಮೆ ಬಿಳೀ ಷರಟಿನ ಇಂಜಿನಿಯರ್ ಒಬ್ಬ ಬರುತ್ತಿದ್ದನಂತೆ. ನೆರಳಲ್ಲಿ ನಿಂತು, ಬೆರಳು ತೋರಿಸಿ, ‘ಇದನ್ನ ಒಡೀರಿ’ ಅನ್ನುತ್ತಿದ್ದನಂತೆ. ಹಿಂದಿನ ದಿನವೆಲ್ಲಾ ಬೆವರು ಸುರಿಸಿ ಕಟ್ಟಿದ ಗೋಡೆಯನ್ನು ಇವರೇ ಒಡೆಯಬೇಕು. ಅವ್ವ ಅವನನ್ನು ಬೈಯಲಿಲ್ಲ. ಮನೆಗೆ ಬಂದು ನನಗೆ ಹೇಳಿದಳು: "ನೀನು ಆ ಬೆಳ್ಳು ತೋರ್ಸೋ ಕೆಲ್ಸ ಓದು ಕಣಮ್ಮ." ಕೌನ್ಸೆಲಿಂಗಿನಲ್ಲಿ ಕುಳಿತಾಗ ಕಂಪ್ಯೂಟರ್ ಪರದೆಯ ಮೇಲೆ ಏನೇನೋ ವಿಷಯಗಳಿದ್ದವು. ಬೆರಳು ತೋರಿಸುವುದು ಯಾವುದು ಎಂದು ಹುಡುಕಿ ಅದನ್ನೇ ಒತ್ತಿದೆ.

ಈಗ ಊರಾಚೆ ವಿದ್ಯಾರ್ಥಿನಿಲಯವೊಂದನ್ನು ಕಟ್ಟಿಸುತ್ತಿದ್ದೇವೆ. ಮೂರನೇ ಮಹಡಿಯಿಂದ ಬೆಟ್ಟ ಪೂರ್ತಿ ಕಾಣುತ್ತದೆ ಎಂದು ನೋಡಲು ಬಂದವರೆಲ್ಲ ಹೇಳುತ್ತಾರೆ. ನಾನು ಅಲ್ಲಿ ನಿಂತಾಗಲೆಲ್ಲ ಕೆಳಗೆ ನೋಡುತ್ತಿರುತ್ತೇನೆ, ಯಾರು ಏನು ಬೀಳಿಸುತ್ತಾರೋ ಎಂದು. ಮೂರು ವರ್ಷದಿಂದ ಹೇಳಿದ್ದೆಲ್ಲ ಮಾಡಿದ್ದೇನೆ. ಮ್ಯಾನೇಜರ ಮಾತೂ ಅದೇ. "ಎಲ್ಲಾನೂ ಮಾಡ್ತೀರಮ್ಮ, ಅದೇ ತೊಂದರೆ. ಒಂದು ಲೈನ್ ಹಿಡೀಬೇಕು. ಇಲ್ಲಾಂದ್ರೆ ಇನ್ನು ಹತ್ತು ವರ್ಷ ಆದ್ರೂ ನೀವು ‘ಸ್ವಲ್ಪ ಇಲ್ಲಿ ಬನ್ನಿ ಮೇಡಂ’ ಆಗೇ ಇರ್ತೀರಿ."

ಹಾಳೆಯಲ್ಲಿದ್ದ ನಾಲ್ಕು: ಪ್ಲಾನಿಂಗ್, ಕ್ವಾಲಿಟಿ, ಬಿಲ್ಲಿಂಗ್, ಸೇಫ್ಟಿ. ಓದುಗರಿಗೆ ಬಿಡಿಸಿ ಹೇಳುವುದಾದರೆ, ಯಾವಾಗ ಏನು ಆಗಬೇಕು ಎಂದು ಹೇಳುವುದು ಪ್ಲಾನಿಂಗ್, ಆದದ್ದು ಸರಿಯಿಲ್ಲ ಎನ್ನುವುದು ಕ್ವಾಲಿಟಿ, ಎಷ್ಟು ಆಯಿತು ಎಂದು ಅಳೆದು ಬರೆಯುವುದು ಬಿಲ್ಲಿಂಗ್, ಮಾಡುವವರ ಮೇಲೆ ಕೂಗಾಡುವುದು ಸೇಫ್ಟಿ.

ಪ್ಲಾನಿಂಗನ್ನು ಎರಡು ತಿಂಗಳು ಮಾಡಿ ನೋಡಿದ್ದೆ. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಪಟ್ಟಿ ಎಳೆಯುವ ಕೆಲಸ, ನೋಡಲು ಬಲು ಚೆಂದ. ಗುರುವಾರ ಎರಡನೇ ಮಹಡಿಯ ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿಯುವುದು, ಎಂದು ಹಸಿರು ಪಟ್ಟಿ ಎಳೆದಿದ್ದೆ. ಬುಧವಾರ ಹದವಾಗಿ ಮಳೆ ಬಂತು. ಗುರುವಾರ ಬೆಳಿಗ್ಗೆ ಮಿಕ್ಸರ್ ಬಂತು, ಸಿಮೆಂಟ್ ಬಂತು, ಮ್ಯಾನೇಜರು ಬಂದರು, ಆಳುಗಳು ಮಾತ್ರ ಬರಲಿಲ್ಲ. ಅರ್ಧಕ್ಕರ್ಧ ಜನ ಗೌಡಗೆರೆ ಕಡೆಯವರು. ನೆಲ ಮೆತ್ತಗಾಗಿದೆ ಎಂದು ಕಡ್ಲೆಕಾಯಿ ಕೀಳಲು ಹೋಗಿದ್ದರು. ಸಂಜೆ ಅವ್ವನ ಮುಂದೆ ಗೋಳು ಹೇಳಿಕೊಂಡರೆ, "ಮಳೆ ಬಿದ್ ಮಾರ್ನೇ ದಿನ ಯಾವಳಾದ್ರೂ ಗಾರೆ ಕೆಲ್ಸಕ್ಕೆ ಬತ್ತಾಳೇನೆ? ಇಷ್ಟೂ ಗೊತ್ತಿಲ್ದೆ ಅದೆಂತ ಪ್ಲಾನು ಮಾಡ್ತೀಯ ನೀನು?" ಎಂದಳು. ಕಂಪ್ಯೂಟರಿನಲ್ಲಿ ರಜೆಯ ದಿನಗಳನ್ನು ತುಂಬುವ ಜಾಗವಿದೆ, ಕಡ್ಲೆಕಾಯಿ ತುಂಬುವ ಜಾಗ ಎಷ್ಟು ಹುಡುಕಿದರೂ ಸಿಗಲಿಲ್ಲ.

ಕ್ವಾಲಿಟಿಯಲ್ಲಿ ಕಾಂಕ್ರೀಟಿನ ಸಣ್ಣ ಗಟ್ಟಿಗಳನ್ನು ಮಾಡಿ, ನೀರಲ್ಲಿಟ್ಟು, ಇಪ್ಪತ್ತೆಂಟನೇ ದಿನ ಒತ್ತಿ ಒಡೆದು, ಗಟ್ಟಿಯಿತ್ತೇ ಎಂದು ನೋಡಬೇಕು. ಅನ್ನಕ್ಕಿಟ್ಟರೆ ಮೂರು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಇಪ್ಪತ್ತೆಂಟು ದಿನ ಸುಮ್ಮನಿರುವುದು ನನ್ನ ಜಾಯಮಾನಕ್ಕೆ ಹೇಳಿದ್ದಲ್ಲ.

ಉಳಿದ ಎರಡರಲ್ಲಿ ಮೊದಲನೆಯದು ಬಿಲ್ಲಿಂಗ್. ಮ್ಯಾನೇಜರ ಒಲವೂ ಅದರ ಕಡೆಗೇ. ತುಮಕೂರಿನ ಆಫೀಸು, ಎಸಿ ಕೋಣೆ, ತಿರುಗುವ ಕುರ್ಚಿ. "ಹೆಣ್ಮಕ್ಕಳಿಗೆ ಹೇಳಿ ಮಾಡಿಸಿದಂಗಿದೆ" ಎಂದರು. ಈ ಮಾತು ಕೇಳಿದ ಕೂಡಲೇ ಬೇಡ ಅನ್ನಿಸಿತು. ಎಸಿ ನೆನಪಾದ ಕೂಡಲೇ ಬೇಕು ಅನ್ನಿಸಿತು. ಕಂಬಿ ಕಟ್ಟುವವರ ಮುಖ್ಯಸ್ಥ ಶಿರಾದ ಖಾದರ್ ಭಾಯಿಯನ್ನು ಕೇಳಿದೆ. ಅವರು ಕಂಬಿ ಬಗ್ಗಿಸುವುದನ್ನು ನಿಲ್ಲಿಸದೆ ಹೇಳಿದರು: "ಬಿಲ್ಲಿಂಗ್ ತಗೊಳ್ಳಿ ಮೇಡಂ, ಆರಾಮ್. ಸೇಫ್ಟಿ ಮಾತ್ರ ಬ್ಯಾಡ. ನಮ್ ಸೇಫ್ಟಿ ಸಾರ್ ಬಂದ್ರೆ ಚಾ ಅಂಗಡಿಯವ್ನೂ ಮಾತು ನಿಲ್ಲಿಸ್ತಾನೆ. ಪೂರಾ ಜಮಾನಾ ದುಶ್ಮನ್."

ಇವೆಲ್ಲ ಆಗುತ್ತಿರುವಾಗಲೇ ಆ ಸೇಫ್ಟಿ ಸಾರ್ ಮದುವೆಗೆಂದು ರಜೆ ಹಾಕಿದರು, ಅವರದೇ ಮದುವೆ. ವಾರದ ಮಟ್ಟಿಗೆ ಅವರ ಕೆಲಸ ನನ್ನ ತಲೆಗೆ ಬಂತು. ಮೊದಲ ದಿನವೇ ನೋಡುತ್ತೇನೆ, ಬಾಂಡ್ಲಿ ಹೊರುವ ಹೆಂಗಸರೆಲ್ಲ ಹೆಲ್ಮೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಸೊಂಟಕ್ಕೆ ಏನಾದರೂ ಬಿದ್ದರೆ ಬಲು ಸುರಕ್ಷಿತ. ಅವರಲ್ಲಿ ಹಿರಿಯಳು ಓಬಳಮ್ಮ, ಪಾವಗಡದಾಚೆ ನಾಗಲಮಡಿಕೆ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು. ಅವಳನ್ನು ನಿಲ್ಲಿಸಿ ತಲೆಗೆ ಹಾಕಿಕೊಳ್ಳಲು ಹೇಳಿದೆ.

"ಏಮ್ಮಾ ಇಂಜಿನೀರಮ್ಮಾ, ಈ ಟೋಪಿ ಮ್ಯಾಲೆ ಸಿಂಬೆ ನಿಲ್ಲಲ್ಲ. ಸಿಂಬೆ ನಿಂತ್ರೆ ಬಾಂಡ್ಲಿ ನಿಲ್ಲಲ್ಲ. ಬಾಂಡ್ಲಿ ನಿಂತ್ರೆ ನಾನ್ ನಿಲ್ಲಲ್ಲ. ನೀನೇ ಒಂದ್ಕಿತ ಹೊತ್ತು ಚೂಡು, ಆಮ್ಯಾಕೆ ಮಾತಾಡಾಣ."

ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತವಳ ಮಗಳು ನಾನು. ರಕ್ತದಲ್ಲೇ ಇರುತ್ತದೆ ಎಂದು ನಂಬಿ ಹೆಲ್ಮೆಟ್ ಹಾಕಿಕೊಂಡೆ. ಓಬಳಮ್ಮ ತನ್ನ ಹಳೇ ಸೀರೆಯ ಸಿಂಬೆ ಸುತ್ತಿ ಅದರ ಮೇಲಿಟ್ಟಳು, ಕಾಲು ಭಾಗ ಮರಳಿದ್ದ ಬಾಂಡ್ಲಿ ಎತ್ತಿ ಸಿಂಬೆಯ ಮೇಲಿಟ್ಟಳು. ನಯವಾದ ಪ್ಲಾಸ್ಟಿಕ್ಕು, ಸೋರೆಬುರುಡೆಯ ಹಾಗೆ ದುಂಡಗೆ. ಮೂರು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ಸಿಂಬೆ ಎಡಕ್ಕೆ ಹೋಯಿತು, ಬಾಂಡ್ಲಿ ಬಲಕ್ಕೆ ಹೋಯಿತು, ನಾನು ಮಧ್ಯದಲ್ಲಿ ಕಣ್ಣು ಮೂಗಿನ ತುಂಬ ಮರಳು ತುಂಬಿಕೊಂಡು ನಿಂತೆ. ಯಾರೂ ನಗಲಿಲ್ಲ. ಎಲ್ಲರೂ ಒಮ್ಮೆಲೇ ಆ ಕಡೆ ತಿರುಗಿ ನಿಂತರು, ಬೆನ್ನುಗಳು ಮಾತ್ರ ಕುಲುಕುತ್ತಿದ್ದವು. ಓಬಳಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, "ಪರ್ವಾಲೇದಮ್ಮಾ, ನೀನು ಓದಿದೋಳು" ಎಂದಳು. ನನ್ನ ಡಿಗ್ರಿಯನ್ನು ಇಷ್ಟು ಕನಿಕರದಿಂದ ಯಾರೂ ಹೊಗಳಿರಲಿಲ್ಲ.

ಸುದ್ದಿ ನನಗಿಂತ ಮೊದಲು ಮನೆ ತಲುಪಿತ್ತು. ಅವ್ವ ಬಾಗಿಲಲ್ಲೇ ನಿಂತು ನಗುತ್ತಿದ್ದಳು.

"ನಿಂಗೆ ಒಂದು ದಿನಾನಾದ್ರೂ ಬಾಂಡ್ಲಿ ಮುಟ್ಟಿಸಿದ್ನಾ ನಾನು? ಇವತ್ತ್ ಯಾರ್ ಕೇಳಿ ಹೊತ್ತೆ?" ಆಮೇಲೆ ಮುದ್ದೆ ತಿರುವುತ್ತಾ, "ತಲೆ ಮ್ಯಾಲೆ ಹೊರೋದೇ ಯಾಕೆ? ಸಾಲಾಗಿ ನಿಂತ್ಕಂಡು ಕೈಯಿಂದ ಕೈಗೆ ಕೊಡಾಕೇಳು. ಟೋಪಿ ಟೋಪಿ ಪಾಡಿಗೆ ಇರ್ತದೆ. ನಾವ್ ಮೋಲ್ಡ್ ಹಾಕೋ ದಿಸ ಅಂಗೇ ಮಾಡ್ತಿದ್ದುದ್ದು" ಎಂದಳು.

ಅದನ್ನೇ ಸ್ವಲ್ಪ ದೊಡ್ಡ ಮಾತುಗಳಲ್ಲಿ ವರದಿ ಮಾಡಿ ಮ್ಯಾನೇಜರಿಗೆ ಕೊಟ್ಟೆ. ಅವ್ವನ ಹೆಸರು ಹಾಕಲಿಲ್ಲ, ಮರೆತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೇ ದಿನದಿಂದ ಸಾಲು ಶುರುವಾಯಿತು. ಓಬಳಮ್ಮ ಹೆಲ್ಮೆಟ್ಟಿನ ಪಟ್ಟಿಗೆ ಕನಕಾಂಬರ ಸಿಕ್ಕಿಸಿಕೊಂಡು ಬಂದಳು.

ಶುಕ್ರವಾರ ರಾಗಿರೊಟ್ಟಿ ತಟ್ಟುತ್ತಿದ್ದ ಅವ್ವನ ಮುಂದೆ ಹಾಳೆ ಹರಡಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೆ ಚೌಕಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಕೇಳಿದಳು. ಇದಕ್ಕೆ ಕುರ್ಚಿ ಐತಾ? ಇದಕ್ಕೆ ಫ್ಯಾನು ಐತಾ? ಬಿಲ್ಲಿಂಗಿಗೆ ಎರಡೂ ಇದೆ ಎಂದಾಗ, "ಮತ್ತಿನ್ನೇನ್ ಯೋಚ್ನೆ, ಅದ್ಕೇ ಹಾಕ್ಬುಡು" ಎಂದಳು. ರೊಟ್ಟಿ ಮಗುಚಿದಳು. ಇನ್ನೊಂದು ತಟ್ಟುತ್ತಾ, ಹಾಳೆಯ ಕಡೆ ನೋಡದೆ, "ಇವ್ರಲ್ಲಿ ಯಾರು ಕೆಲ್ಸ ನಿಲ್ಸಿ ಅಂದ್ರೆ ನಿಲ್ತದೆ?" ಎಂದು ಕೇಳಿದಳು.

"ಸೇಫ್ಟಿಯವರು ಅಂದ್ರೆ ನಿಲ್ಲಿಸಲೇಬೇಕು. ಮ್ಯಾನೇಜರೂ ಎದುರು ಮಾತಾಡೋ ಹಂಗಿಲ್ಲ. ಯಾಕವ್ವ?"

"ಏನಿಲ್ಲ. ನಮ್ ರಂಗಕ್ಕ ಬಿದ್ಲಲ್ಲ, ಆವತ್ತು ಸಾರುವೆ ಬೊಂಬು ಬೆಳಗ್ಗೆಯಿಂದ್ಲೂ ಕಿರ್ ಅಂತಿತ್ತು. ನಮ್ಗೆಲ್ಲಾರ್ಗೂ ಕೇಳುಸ್ತಿತ್ತು. ನಿಲ್ಸಿ ಅನ್ನಕ್ಕೆ ನಾವ್ಯಾರು? ಸುಮ್ಕೆ ಹತ್ತಿ ಇಳೀತಿದ್ವಿ." ರಂಗಕ್ಕ ಅವ್ವನ ಜೊತೆ ಕೆಲಸಕ್ಕೆ ಹೋಗುತ್ತಿದ್ದವಳು. ಗೋಡೆಗೆ ಕಟ್ಟಿದ್ದ ಆ ಬೊಂಬಿನ ಅಟ್ಟ ಮುರಿದು ಬಿದ್ದವಳು ಇವತ್ತಿಗೂ ಕೋಲೂರಿಕೊಂಡೇ ನಡೆಯುತ್ತಾಳೆ. "ನೀನು ಕುರ್ಚಿದಕ್ಕೇ ಹಾಕು ಕಣಮ್ಮ. ನಾನ್ ಸುಮ್ಕೆ ಕೇಳ್ದೆ" ಎಂದು ಅವ್ವ ತಟ್ಟೆ ಮುಂದಿಟ್ಟಳು.

ಶನಿವಾರ ಬೆಳಿಗ್ಗೆ ನಾಲ್ಕನೇ ಚೌಕಕ್ಕೆ ಟಿಕ್ ಹಾಕಿ ಕೊಟ್ಟೆ. ಧೈರ್ಯ ಎಂದು ತಿಳಿಯಬೇಡಿ. ಎರಡು ಸಲ ಪೆನ್ನು ಮೂರನೇ ಚೌಕದ ಮೇಲೆ ನಿಂತಿತ್ತು, ಅಲ್ಲೊಂದು ಚುಕ್ಕೆಯೂ ಬಿದ್ದಿತ್ತು. ಮ್ಯಾನೇಜರು ಆ ಚುಕ್ಕೆಯನ್ನೂ ನೋಡಿದರು. ಹೊಸ ಮದುವಣಿಗ ಸೇಫ್ಟಿ ಸಾರ್ ಬೇರೆ ಊರಿನ ಕೆಲಸಕ್ಕೆ ಹೋದರು, ಅವರ ಸೀಟಿ ನನ್ನ ಕೊರಳಿಗೆ ಬಂತು.

ಮುಂದಿನ ವಾರ ಕಾಂಕ್ರೀಟ್ ಮೇಲಕ್ಕೆ ಸಾಗಿಸುವ ಲಿಫ್ಟ್ ಬಂತು. ನನ್ನ ವರದಿಯಿಂದ ಬಂತೆಂದು ನಾನು ಹೇಳಿಕೊಂಡು ತಿರುಗಿದೆ, ಶಿರಾ ಕಡೆಯ ಕೆಲಸ ಮುಗಿದು ಅದು ಖಾಲಿ ನಿಂತಿತ್ತೆಂದು ಖಾದರ್ ಭಾಯಿ ಹೇಳಿಕೊಂಡು ತಿರುಗಿದರು. ಮೂರನೇ ಮಹಡಿಯ ಮೋಲ್ಡ್ ನಡೆಯುತ್ತಿತ್ತು. ಮಧ್ಯಾಹ್ನ ನನಗೆ ಊಟ ಹಿಡಿದುಕೊಂಡು ಬಂದ ಅವ್ವನಿಗೆ, ಮಿಕ್ಸರಿನಿಂದ ಲಿಫ್ಟಿನವರೆಗೆ ನಿಂತ ಸಾಲಿನಲ್ಲಿ, ನಾನು ಹೇಳಿದ್ದ ಕನಕಾಂಬರದ ಓಬಳಮ್ಮ ಕಂಡಳು. ಕಂಡದ್ದೇ ತಡ, ಮಾತಾಡಿಸಲೆಂದು, ಕಟ್ಟಿದ್ದ ಕೆಂಪು ಪಟ್ಟಿಯನ್ನು ಬಗ್ಗಿ ದಾಟಿ, ಹೆಲ್ಮೆಟ್ ಇಲ್ಲದೆ, ಹವಾಯಿ ಚಪ್ಪಲಿಯಲ್ಲಿ, ಮೇಲೇರುತ್ತಿದ್ದ ಲಿಫ್ಟಿನ ಬುಟ್ಟಿಯ ಕೆಳಕ್ಕೇ ಹೊರಟಳು. ಊರಿನ ಅರ್ಧ ಮನೆ ಕಟ್ಟಿದವಳಿಗೆ ಕೆಂಪು ಪಟ್ಟಿ ಯಾವ ಲೆಕ್ಕ?

ಸೀಟಿ ಊದಿದೆ. "ನಿಲ್ಲಿಸಿ" ಎಂದು ಕಿರುಚಿದೆ. ಲಿಫ್ಟ್ ನಿಂತಿತು, ಮಿಕ್ಸರ್ ನಿಂತಿತು, ಬಾಂಡ್ಲಿಗಳು ಕೈಕೈಗಳ ನಡುವೆ ನಿಂತವು, ಅವ್ವ ಎತ್ತಿದ ಕಾಲು ಎತ್ತಿಕೊಂಡೇ ನಿಂತಳು. ಮೂರು ವರ್ಷದಲ್ಲಿ ನನ್ನ ಮಾತಿಗೆ ಇಡೀ ಕಟ್ಟಡ ಸುಮ್ಮನಾದದ್ದು ಅದೇ ಮೊದಲು. ಓಡಿಹೋಗಿ ಅವಳ ರಟ್ಟೆ ಹಿಡಿದು ಗೇಟಿನಾಚೆ ತಂದು ಬಿಟ್ಟೆ. "ಲೇ, ನನ್ನೇ ಆಚೆ ಹಾಕ್ತೀಯೇನೇ?" ಎಂದಳು. ನಾನು ಗೇಟು ಹಾಕಿಕೊಂಡು ಒಳಗೆ ಬಂದೆ. ಊಟದ ಡಬ್ಬಿ ಅವಳ ಹತ್ತಿರವೇ ಉಳಿಯಿತು.

ಕೆಲಸ ನಿಲ್ಲಿಸಿದರೆ ರಿಜಿಸ್ಟರಿನಲ್ಲಿ ಕಾರಣ ಬರೆಯಬೇಕು. ಪೆನ್ನು ಹಿಡಿದು ಯೋಚಿಸಿ, ‘ಹೊರಗಿನ ವ್ಯಕ್ತಿ ಅನುಮತಿಯಿಲ್ಲದೆ ಒಳಗೆ ಪ್ರವೇಶ’ ಎಂದು ಬರೆದೆ. ಬರೆದದ್ದನ್ನು ಓದಿಕೊಂಡೆ. ಹೊಡೆದುಹಾಕಿ ಬೇರೆ ಬರೆಯೋಣವೆಂದರೆ ರಿಜಿಸ್ಟರಿನಲ್ಲಿ ಹೊಡೆದುಹಾಕುವಂತಿಲ್ಲ. ಹೊರಗೆ ಆ ವ್ಯಕ್ತಿ ವಾಚ್‌ಮನ್ನಿನ ಸ್ಟೂಲಿನ ಮೇಲೆ ಕುಳಿತು ಜಲ್ಲಿ ಲಾರಿಯ ಡ್ರೈವರಿಗೆ ಹೇಳುತ್ತಿದ್ದಳು: "ನನ್ ಮಗಳು ಕಣಣ್ಣ. ಹೆತ್ತೋಳು ಅಂತಾನೂ ನೋಡ್ಲಿಲ್ಲ, ದರದರ ಎಳ್ಕಂಬಂದು ಆಚೆಗೆ ಹಾಕ್ಬುಟ್ಲು. ಒಂದ್ ಕೂಗು ಕೂಗಿದ್ಲು ನೋಡು, ಮಿಷನ್ನೇ ನಿಂತೋಯ್ತು." ಡ್ರೈವರು ಹೋದ ಮೇಲೆ ಇಟ್ಟಿಗೆ ತಂದವನಿಗೆ ಅದನ್ನೇ ಮತ್ತೆ ಮೊದಲಿಂದ ಹೇಳಿದಳು. ಅವನಿಗೆ ನನ್ನ ಊಟದಲ್ಲಿ ಅರ್ಧ ರೊಟ್ಟಿಯನ್ನೂ ಕೊಟ್ಟಳು.

ಸಂಜೆ ಮ್ಯಾನೇಜರು ರಿಜಿಸ್ಟರ್ ನೋಡಿದರು.

"ಹೊರಗಿನ ವ್ಯಕ್ತಿ ಅಂದ್ರೆ ಯಾರಮ್ಮ?"

"ನಮ್ಮವ್ವ ಸಾರ್."

ಅವರು ರುಜು ಹಾಕಿದರು. "ಬಿಲ್ಲಿಂಗಿಗೆ ಇನ್ನೂ ಯಾರೂ ಬಂದಿಲ್ಲ. ಸೋಮವಾರದೊಳಗೆ ಹೇಳಿದ್ರೆ ಬದಲಾಯಿಸಿಕೊಡ್ತೀನಿ" ಎಂದರು.

ಆಗಲೇ ಬೇಡ ಅನ್ನಬೇಕಿತ್ತು. ಅಷ್ಟೆಲ್ಲ ಆದ ಮೇಲೆ, ಇಷ್ಟು ಓದಿದವಳು, ಎದೆಯುಬ್ಬಿಸಿ ಬೇಡ ಸಾರ್ ಅನ್ನಬೇಕಿತ್ತು. "ಯೋಚ್ನೆ ಮಾಡಿ ಹೇಳ್ತೀನಿ ಸಾರ್" ಅಂದೆ. ಸೋಮವಾರ ಕಳೆದು ಇವತ್ತು ಗುರುವಾರ. ಅವರು ಮತ್ತೆ ಕೇಳಿಲ್ಲ. ಮೊದಲು ಅವರೇ ಕೇಳಲಿ ಎಂದು ನಾನು ದಿನಕ್ಕೆರಡು ಸಲ ಅವರ ಕೋಣೆಯ ಮುಂದೆ ಹಾದುಹೋಗುತ್ತಿದ್ದೇನೆ, ಹೆಲ್ಮೆಟ್ ಹಾಕಿಕೊಂಡೇ.