ಬೆಕ್ಕು ಹಿಡಿಯುವವನಿಗೆ ಹೆಣ್ಣು ಕೊಡುವವರು ಯಾರು?

ಬೆಕ್ಕಿನ ಹಿಂದೆ ಓಡುವವನ ಮರ್ಯಾದೆ ಬೆಕ್ಕಿಗಿಂತ ಜೋರಾಗಿ ಓಡಿಹೋಗುತ್ತದೆ. ನನಗೆ ಇದು ಒಂದು ಸಲ ಆದದ್ದಲ್ಲ ಮಾರಾಯ್ರೆ, ವಾರ ಬಿಟ್ಟು ವಾರ ಆಗುತ್ತಲೇ ಇತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸುಳ್ಯದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ನಾನು ಕಂಪೌಂಡರ್. ಜನ ಬೆಕ್ಕಿನ ಮರಿಗಳನ್ನು ಗೋಣಿಯಲ್ಲಿ ತುಂಬಿ ಪೇಟೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಅವು ಯಾರದ್ದೂ ಅಲ್ಲದೆ ಬೆಳೆದು, ಮತ್ತೆ ಮರಿ ಹಾಕಿ, ಮೀನಿನ ಅಂಗಡಿಯವರ ಜೀವ ತಿನ್ನುತ್ತಿದ್ದವು. ಧಾರವಾಡ ಕಡೆಯಿಂದ ಹೊಸದಾಗಿ ಬಂದ ಡಾಕ್ಟರಿಗೆ ಒಂದೇ ಹಠ: "ಹಿಡಿದು, ಮರಿ ಆಗದಂಗ ಆಪರೇಶನ್ ಮಾಡಿ ಬಿಡೋಣ್ರೀ." ಆಪರೇಶನ್ ಅವರದ್ದು, ಹಿಡಿಯುದು ನನ್ನದು. ಬೆಕ್ಕಿಗೆ ಚೆಲ್ಲಾಟ, ಕಂಪೌಂಡರಿಗೆ ಪ್ರಾಣಸಂಕಟ.

ಅದೇ ಹೊತ್ತಿಗೆ ಮನೆಯಲ್ಲಿ ಅಮ್ಮ ನನಗೆ ಹೆಣ್ಣು ಹುಡುಕುತ್ತಿದ್ದರು. ಮದುವೆ ಆಗಬೇಕೆಂಬ ಆಸೆ ನನಗೂ ಜೋರಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಂದ ಸಂಬಂಧಗಳೆಲ್ಲ ಬೆಕ್ಕಿನ ದೆಸೆಯಿಂದ ತಪ್ಪುತ್ತಾ ಹೋದವು.

ಸರ್ಕಾರಿ ಸಾಮಾನು

ಸಂಪಾಜೆಯಿಂದ ಒಂದು ಗಡವ ಗಂಡುಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಬಸ್ಸಿನಲ್ಲಿ ತರುತ್ತಿದ್ದೆ. ಪಕ್ಕದಲ್ಲಿ ಕೂತ ಹಿರಿಯರು ಬಹಳ ವಿಶ್ವಾಸದಲ್ಲಿ ಮಾತಿಗೆ ತೊಡಗಿದರು. ಯಾವ ಊರು, ಎಂತ ಕೆಲಸ, ಮದುವೆ ಆಗಿದೆಯಾ ಎಂದೆಲ್ಲ ಕೇಳಿ, "ನಮ್ಮ ತಂಗಿಯ ಮಗಳೊಬ್ಬಳು ಉಂಟು" ಎಂದದ್ದೇ ತಡ, ಗೋಣಿಯಿಂದ ಉಗುರು ಹೊರಬಂದು ಅವರ ಪಂಚೆ ಹಿಡಿಯಿತು. ಅವರು ಎದ್ದು ಹೋಗಿ ಡ್ರೈವರನ ಹಿಂದೆ ಕೂತವರು ಸುಳ್ಯ ಬರುವವರೆಗೆ ತಿರುಗಿ ನೋಡಲಿಲ್ಲ.

ಕಂಡಕ್ಟರ್ ಬಂದ. "ಗೋಣಿಯಲ್ಲಿ ಎಂತ ಉಂಟು?"

"ಸರ್ಕಾರಿ ಸಾಮಾನು" ಅಂದೆ.

ಬೆಕ್ಕು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿತು. ಕಂಡಕ್ಟರ್ ಸ್ವಲ್ಪ ಹೊತ್ತು ಕಿವಿಕೊಟ್ಟು ಕೇಳಿ, "ಸರ್ಕಾರ ಇಷ್ಟು ಬಾಯಿಬಿಟ್ಟು ಹೇಳುದು ನಾನು ಇವತ್ತೇ ಕೇಳಿದ್ದು" ಅಂದ.

ಭಟ್ಟರ ಬೆಕ್ಕು

ಪಂಜದ ಹತ್ತಿರ ಒಬ್ಬರು ಭಟ್ಟರ ಮನೆಯಲ್ಲಿ ಹಾಲು ಕದಿಯುವ ಬೆಕ್ಕು. ನಾನು ಬೋನಿಗೆ ಒಣಮೀನು ಇಡಲು ಹೊರಟರೆ ಭಟ್ಟರು ತಡೆದರು. "ಅಂಗಳಕ್ಕೆ ಅದನ್ನು ತರಬೇಡಿ. ನಮ್ಮ ಬೆಕ್ಕು ಹುಟ್ಟಿದಾರಭ್ಯ ಸಸ್ಯಾಹಾರಿ."

ಮೊಸರನ್ನ ಇಟ್ಟೆವು. ತುಪ್ಪದ ದೋಸೆ ಇಟ್ಟೆವು. ಬೆಕ್ಕು ಹಂಚಿನ ಮಾಡಿನ ಮೇಲೆ ಕೂತು ಮುಖ ತೊಳೆಯುತ್ತಿತ್ತು. ಮಧ್ಯಾಹ್ನ ಅವರ ಮನೆಯ ದೋಸೆಯನ್ನು ನಾನೇ ತಿಂದು, ಬೋನನ್ನು ಗೇಟಿನಿಂದ ಹೊರಗೆ ತೆಗೆದುಕೊಂಡು ಹೋಗಿ, ಒಂದು ತುಂಡು ಒಣಮೀನು ಕಟ್ಟಿದೆ. ಬೆಕ್ಕು ಮಾಡಿನಿಂದ ಹಾರಿ, ಅಂಗಳ ದಾಟಿ, ಭಟ್ಟರ ಕಾಲೆಡೆಯಿಂದಲೇ ಓಡಿಬಂದು ಬೋನಿನೊಳಗೆ ಸೇರಿತು.

ಭಟ್ಟರು ಬಗ್ಗಿ ಅದನ್ನು ಎರಡೂ ಕಡೆಯಿಂದ ನೋಡಿದರು. ಮತ್ತೆ ಬಹಳ ಗಂಭೀರವಾಗಿ, "ಇದು ನಮ್ಮದಲ್ಲ ಮಾರಾಯ್ರೆ" ಅಂದರು.

ಆಪರೇಶನ್ ಕೇಸು

ಆಗ ಆಪರೇಶನ್ ಅಂದರೆ ಜನ ಗಡಗಡ ನಡುಗುವ ಕಾಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇಲ್ಲದ ಗೋಡೆ ಇರಲಿಲ್ಲ. ಪುತ್ತೂರಿನ ಕಡೆಯ ಒಬ್ಬರು ನನ್ನ ವಿಚಾರ ತಿಳಿಯಲು ನಮ್ಮ ಆಸ್ಪತ್ರೆಯ ಎದುರಿನ ಚಾದಂಗಡಿಗೆ ಬಂದು ಕೂತರಂತೆ. ಚಾದಂಗಡಿಯವ ನನ್ನ ಗೆಳೆಯ, ಹೊಗಳಿದ್ದೇ ಹೊಗಳಿದ್ದು. "ಹುಡುಗ ಬಂಗಾರ. ಬೀಡಿ ಇಲ್ಲ, ಕುಡಿಯುದಿಲ್ಲ. ಆಪರೇಶನ್ ಕೇಸು ಒಂದು ಬಿಟ್ಟರೆ ಬೇರೆ ಯಾವ ರಗಳೆಯೂ ಇಲ್ಲ."

ಅವರು ಅರ್ಧ ಚಾ ಬಿಟ್ಟು ಬಸ್ಸು ಹತ್ತಿದರು. ಸುದ್ದಿ ನಾಲ್ಕು ಮನೆ ಸುತ್ತಿ ಅಮ್ಮನಿಗೆ ಮುಟ್ಟಿತು. ನಾನು ಸಂಜೆ ಮನೆಗೆ ಹೋದರೆ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸುತ್ತಾ ಕೂತಿದ್ದಾರೆ. "ನನಗೆ ಒಂದು ಮಾತು ಹೇಳ್ಬಾರದಿತ್ತಾ ಮಗಾ? ಒಂದು ಮಗುವಾದರೂ ಆದ ಮೇಲೆ ಮಾಡಿಸಬಹುದಿತ್ತು."

ಭಾವ

ಇಷ್ಟೆಲ್ಲ ಆದ ಮೇಲೆ ಅಜ್ಜಾವರದ ಒಂದು ಮನೆಯಿಂದ ಕರೆ ಬಂತು, ಸಂಬಂಧಕ್ಕಲ್ಲ, ಬೆಕ್ಕಿಗೆ. ದನದ ಹಟ್ಟಿಯಲ್ಲಿ ಸೇರಿಕೊಂಡ ಕಾಡುಬಿದ್ದ ಗಡವ ಬೆಕ್ಕು. ಆ ಮನೆಯ ಅಜ್ಜಿಯದ್ದು ಒಂದು ಕಟ್ಟುನಿಟ್ಟು: ಬೆಕ್ಕನ್ನು ಹಿಡಿಯುವ ಮಾತು ಬೆಕ್ಕಿಗೆ ಕೇಳಬಾರದು, ಅದಕ್ಕೆ ಎಲ್ಲ ಅರ್ಥವಾಗುತ್ತದೆ. ಅದಕ್ಕಾಗಿ ಎಲ್ಲರೂ ಅದನ್ನು 'ಭಾವ' ಅನ್ನಬೇಕು.

"ಭಾವ ಎಲ್ಲಿದ್ದಾರೆ?" "ಭಾವ ಅಟ್ಟದಲ್ಲಿ ಉಂಟು." "ಭಾವನಿಗೆ ಮೀನು ಇಡಿ." ನಗು ತಡೆದು ತಡೆದು ನನಗೆ ಹೊಟ್ಟೆನೋವು ಬಂತು.

ಭಾವನಿಗೆ ಬೋನಿನ ಗುರುತು ಸಿಕ್ಕಿದ್ದರಿಂದ ಕೋಳಿ ಮುಚ್ಚುವ ಬುಟ್ಟಿಯನ್ನು ಕೋಲಿಗೆ ಆನಿಸಿ, ಕೋಲಿಗೆ ಹಗ್ಗ ಕಟ್ಟಿದೆ. ಹಗ್ಗದ ತುದಿ ಆ ಮನೆಯ ಮಗಳ ಕೈಯಲ್ಲಿ. ನಾವಿಬ್ಬರೂ ಬೈಹುಲ್ಲಿನ ಮರೆಯಲ್ಲಿ ಮಧ್ಯಾಹ್ನವಿಡೀ ಕೂತೆವು. ಮಾತಾಡುವ ಹಾಗಿಲ್ಲ, ಭಾವನಿಗೆ ಕೇಳುತ್ತದೆ. ಬಾಯಿ ಕಟ್ಟಿದ್ದೇ ಒಳ್ಳೆಯದಾಯಿತು. ಮಾತಾಡಿದ್ದರೆ ನಾನು ಏನಾದರೂ ಹಾಳು ಮಾಡುತ್ತಿದ್ದೆ. ಭಾವ ಬಂದ, ಅವಳು ಹಗ್ಗ ಎಳೆದಳು, ಬುಟ್ಟಿ ಬಿತ್ತು. ಅವಳು ನನ್ನ ಕಡೆ ತಿರುಗಿ ನಕ್ಕಳು. ಆ ನಗು ನೆನೆಸಿದರೆ ಈಗಲೂ ನನಗೆ ಖುಷಿಯಾಗುತ್ತದೆ.

ಮುಂದಿನ ತಿಂಗಳು ಸೋದರಮಾವನನ್ನು ಕರೆದುಕೊಂಡು ಹೆಣ್ಣು ಕೇಳಲು ಅದೇ ಮನೆಗೆ ಹೋದೆ. ಇದೂ ತಪ್ಪಿದರೆ ಮತ್ತೆ ಅಮ್ಮನ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಹುಡುಗಿಯ ಅಪ್ಪನಿಗೂ ಆ ಚಾದಂಗಡಿಯ ಸುದ್ದಿ ಮುಟ್ಟಿತ್ತು. "ಹುಡುಗನಿಗೆ ಅದೆಂತದೋ ಆಪರೇಶನ್ ಅಂತ..." ಎಂದು ಅವರು ನೆಲ ನೋಡುತ್ತಾ ಕೇಳಿದರು. ಸೋದರಮಾವ ನಡುವೆ ಬಾಯಿ ಹಾಕಿದರು. "ಮಾಡಿಸಿಕೊಂಡದ್ದಲ್ಲ, ಮಾಡುವಲ್ಲಿ ಕೆಲಸಕ್ಕೆ ಇರುದು" ಎಂದು ತಡವರಿಸುತ್ತಿದ್ದರು.

ಅಷ್ಟರಲ್ಲಿ ಹುಡುಗಿಯ ಅಣ್ಣ ತಮಾಷೆಗೆ ಅಡುಗೆಮನೆಯತ್ತ ಕೂಗಿದ, "ಅಜ್ಜಿ, ಭಾವ ಬಂದಿದ್ದಾರೆ!"

ಒಳಗಿನಿಂದ ಅಜ್ಜಿ ಅದಕ್ಕಿಂತ ಜೋರಾಗಿ, "ಪುನಃ ಬಂತಾ? ಬಾಗಿಲು ಹಾಕಿ ಗೋಣಿ ತನ್ನಿ. ಈ ಸಲ ಡಾಕ್ಟ್ರ ಹತ್ರ ಸರಿಯಾಗಿ ಕೊಯ್ಸಿಕೊಂಡು ಬನ್ನಿ."

ಮಾವ ಕೊಡೆ ಹಿಡಿದು ಎದ್ದೇಬಿಟ್ಟರು.

ಆಗ ಕಾಫಿ ತಟ್ಟೆ ಹಿಡಿದುಕೊಂಡು ಹುಡುಗಿಯೇ ಚಾವಡಿಗೆ ಬಂದಳು. ತಟ್ಟೆಯನ್ನು ನನ್ನ ಮುಂದೆ ಇಟ್ಟು, ಅಡುಗೆಮನೆಯ ಕಡೆ ತಿರುಗಿ ಹೇಳಿದಳು:

"ಅಜ್ಜಿ, ಇದು ನನ್ನ ಕಡೆಯ ಭಾವ. ಇವರಿಗೆ ಆಪರೇಶನ್ ಬೇಡ."