ಹಿಂದಿನ ಬ್ರೇಕು, ಭಾವನವರ ಕಾಲು

ಗಾಡಿ ನನ್ನದು, ಹೊಡೆಯಾಕಿ ನಾನು, ಬುದ್ಧಿ ಹೇಳೋರು ಮಾತ್ರ ಊರ ತುಂಬ. ದಿನಾ ಒಬ್ರರ ಸಿಗ್ತಾರ. ಬೀದರದ ಮೈಲೂರದಾಗ ನಮ್ಮ ಮನಿ. ಔರಾದ ಕಡಿ ಹಳ್ಳಿಗಿ ಹೋಗಿ ಕುರಿಗೋಳಿಗಿ ಸೂಜಿ ಹಾಕೋದು ನನ್ನ ನೌಕರಿ. ಹೆಣ್ಮಗಳು ಸ್ಕೂಟಿ ಬಿಟ್ಟು ಮೋಟರ್ ಸೈಕಲ್ ಹೊಡೀತಾಳಂತ ಮೊದಲೇ ಮಂದಿಗಿ ಹೊಟ್ಟಿಬ್ಯಾನಿ. ಅಂಥಾದ್ರಾಗ ಹಿಂದಿನ ಬ್ರೇಕ್ ಮೆತ್ತಗಾಯ್ತು. ಪೆಡಲ್ ತುಳದ್ರ ನಾದಿದ ಹಿಟ್ಟು ತುಳದಂಗ.

ನನ್ನ ಗಂಡನ ಅಣ್ಣ, ಅಂದ್ರ ಭಾವನವರು, ಹಿಂದ ಕುಂತ್ರ ತಮ್ಮ ಎರಡೂ ಕಾಲು ನೆಲಕ್ಕೂರಿ ಗಾಡಿ ನಿಲ್ಲಸ್ಲತ್ತಿದ್ರು. ಒಂದಿನ ತೀರ್ಪೇ ಕೊಟ್ರು: "ಐತವಾರ ಭಾಲ್ಕಿಗಿ ನಿನ್ನ ಗಾಡಿ ಮ್ಯಾಲೇ ಬರ್ತೇನಿ. ನೆಟ್ಟಗ ನಿಂದರಲಿಲ್ಲಂದ್ರ ಮಾರಿಬಿಡೂದು."

"ನೋಡೇಬಿಡಮ್ರಿ," ಅಂದೆ. ನಾ ಏನ್ ಹೆದರ್ತೇನಾ?

ಟಗರಿನ ಬ್ರೇಕು

ಮರುದಿನ ಚಿಂತಾಕಿ ಊರಿನ ಹಾದಿಗಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ತುಳದೆ, ಗಾಡಿ ಕೇಳವಲ್ದು. ಮೆಲ್ಲಕ ಹಿಂಡಿನ ನಡುವೇ ಹೊಕ್ಕೆ. ಒಂದು ಟಗರು ಎದುರು ಬಂದು ಮುಂದಿನ ಗಾಲಿಗಿ ಹಾಯ್ದ ಮ್ಯಾಲೇ ಗಾಡಿ ನಿಂತದ್ದು.

ಕುರಿ ಕಾಯೋ ಅಜ್ಜ ಬಿದ್ದು ಬಿದ್ದು ನಕ್ಕ. "ಬಾಯಾರ, ಆ ಟಗರು ಹಿಂದ ಕಟ್ಕೊಂಡು ಹೋಗ್ರಿ. ಎಣ್ಣಿ ಕೇಳಂಗಿಲ್ಲ, ಬರೇ ಹುಲ್ಲು ಹಾಕಿದ್ರ ನಡೀತದ."

ಹವಾ ಹಾಕೋ ಅಂಗಡಿ

ಬೀದರದಾಗ ಗಾಡಿ ರಿಪೇರಿ ಮಾಡೋ ಮಿಸ್ತ್ರಿ ಚಾಚಾರ ಹತ್ರ ಹೋದೆ. "ಬ್ರೇಕಿನ ಪೈಪಿನ್ಯಾಗ ಹವಾ ಹೊಕ್ಕದ ಬೇಟಿ. ನೀ ಪೆಡಲ್ ಒತ್ತಿ ಹಿಡಿ, ನಾ ನಟ್ ಸಡ್ಲಿ ಮಾಡ್ತೇನಿ, ಹವಾ ಹೊರಗ ಬರ್ತದ. ನಟ್ ಬಿಗಿ ಮಾಡೋತನಕ ಕಾಲು ತೆಗೀಬ್ಯಾಡ," ಅಂದ್ರು.

ಬಾಜೂಕ ಚಾ ಕುಡೀಲತ್ತಿದ್ದ ಸಾಹೇಬರೊಬ್ರು ಎದ್ದು ಬಂದ್ರು. "ಇದು ಗಂಡಸರ ಕೆಲಸರಿ, ಸರೀರಿ."

"ಟಗರು ಕೆಡವಿ ಸೂಜಿ ಹಾಕ್ತೇನಿ, ಪೆಡಲ್ ಒತ್ಲಿಕ್ಕ ಬರಂಗಿಲ್ಲೇನ್ರಿ?" ಅಂದೆ. ಕೇಳಬೇಕಲ್ಲ! ನನ್ನ ಸರಿಸಿ ತಾವೇ ಒತ್ತಿದ್ರು. ನಟ್ ಇನ್ನಾ ಸಡ್ಲಿ ಇರೋದ್ರಾಗೇ ಫೋನ್ ಬಂತಂತ ಕಾಲು ತೆಗದ್ರು. ಸುರ್ ಅಂತ ಹವಾ ವಾಪಸ್ ಒಳಗ ಹೋಯ್ತು.

ಚಾಚಾ ತಣ್ಣಗ ಅಂದ್ರು: "ಸಾಹೇಬ್, ಹವಾ ತುಂಬೋ ದುಕಾನ್ ಮುಂದಿನ ಗಲ್ಲಿನ್ಯಾಗ ಅದ."

ಆಮ್ಯಾಲ ನಾನೇ ಒತ್ತಿದೆ. ಪೆಡಲ್ ಕಲ್ಲಿನಂಗ ಗಟ್ಟಿ ಆಯ್ತು.

ಅತ್ತಿಯ ಪೂಜಿ

ಶನಿವಾರ ಅಮಾಸಿ. ಗಾಡಿ ಮಾರಬಾರದಂತ ನಮ್ಮತ್ತಿಗೂ ಆಸಿ, ಯಾಕಂದ್ರ ಸಂತಿಗಿ ಹೋಗೋದು ಅದರ ಮ್ಯಾಲೇ. ಅದಕ್ಕ ಗಾಡಿ ಪೂಜಿ ಜೋರ್ ಮಾಡಿದ್ರು. ಸಂಜಿಕ ಗಾಡಿ ಹೊರಗ ತಗದು ಪೆಡಲ್ ಒತ್ತಿದ್ರ ಪೆಡಲ್ ಗಟ್ಟಿ, ಗಾಡಿ ನಿಂದರವಲ್ದು. ಬಗ್ಗಿ ನೋಡ್ತೇನಿ, ಪ್ಯಾಡ್ ಹಿಡಿಯೋ ಹಿಂದಿನ ಬ್ರೇಕಿನ ತಾಟು, ಅಂದ್ರ ಡಿಸ್ಕ್, ಫಳಫಳ!

"ಅತ್ತಿ, ಇದಕ್ಕೇನ್ ಹಚ್ಚೀರಿ?"

"ಕೊಬ್ರಿ ಎಣ್ಣಿ ಹಚ್ಚಿ ತಿಕ್ಕೀನವ್ವ. ಗಾಡಿಗಿ ಎಲ್ಲಾ ಬಣ್ಣ ಅದ, ಅದೊಂದೇ ಬೋಳು ಕಬ್ಬಿಣ."

ನನಗ ಅಳಬೇಕೋ ನಗಬೇಕೋ ತಿಳೀಲಿಲ್ಲ. ಮತ್ತ ಚಾಚಾರ ಹತ್ರ ಓಡಿದೆ. ತಾಟಿನ ಎಣ್ಣಿ ತಗದು, ಹೊಸ ಪ್ಯಾಡ್ ಹಾಕಿ ಕೊಟ್ರು. ಮನಿಗಿ ಬಂದ್ರ ಅತ್ತಿ ಸಣ್ಣ ದನಿಲೆ ಕೇಳಿದ್ರು: "ಎಣ್ಣಿ ಬ್ಯಾಡಂದ್ರ ತುಪ್ಪ ನಡೀತದೇನವ್ವ?"

ಭಾಲ್ಕಿ ಹಾದಿ

ಐತವಾರ ಭಾವನವರು ಹಿಂದ ಕುಂತ್ರು. ಭಾಲ್ಕಿ ಇನ್ನಾ ಸ್ವಲ್ಪ ದೂರ ಇತ್ತು, ಎಮ್ಮಿಯೊಂದು ಹಾದಿ ನಡುವ ಬಂದು ನಿಂತಿತು. ನಾ ಗಾಡಿ ನಡಿಗಿ ವೇಗಕ್ಕ ಇಳಿಸಿದೆ. ಬ್ರೇಕ್ ಒತ್ತೂಕಿಂತ ಮೊದಲೇ ಭಾವನವರು ರೂಢಿಪ್ರಕಾರ ಎರಡೂ ಕಾಲು ನೆಲಕ್ಕೂರಿ ಎದ್ದು ನಿಂತ್ರು. ಗಾಡಿ ಅವರ ಕಾಲ ನಡುವಿಂದ ಮುಂದ ಸರದು ಹೋಯ್ತು. ನಾ ಪೆಡಲ್ ಒತ್ತಿದೆ. ಎಮ್ಮಿ ಬಾಲ ಇನ್ನಾ ಗೇಣು ದೂರ ಇದ್ದಂಗೇ ಗಾಡಿ ಗಪ್ಪನ ನಿಂತಿತು.

ತಿರುಗಿ ನೋಡಿದ್ರ ಭಾವನವರು ಹಿಂದ ಹಾದಿ ನಡುವ ಕಾಲು ಅಗಲಿಸಿ ನಿಂತಾರ. ಅವರ ಹಿಂದ ಬಂದು ನಿಂತ ಬಸ್ಸಿನ ಡ್ರೈವರ್ ಹಾರ್ನ್ ಹೊಡೀಲತ್ತಾನ.

"ಗಾಡಿ ನಿಂತದೇನ್ರಿ ಭಾವನವರ?"

ಮೀಸಿ ತಿರುವಿ ಅಂದ್ರು: "ನಾ ಕಾಲು ಊರಿದ್ದಕ್ಕ ನಿಂತದ!"

"ಹಂಗಾರ ಅಲ್ಲೇ ಊರಿಕೊಂಡು ನಿಂದರ್ರಿ," ಅಂತ ಗೇರ್ ಹಾಕಿದೆ, "ನಾ ಭಾಲ್ಕಿಗಿ ಹೋಗಿ ಬರ್ತೇನಿ. ಅಲ್ಲಿ ನಿಲ್ಲಸಬೇಕಾದಾಗ ಫೋನ್ ಮಾಡ್ತೇನಿ."