ತಂಗಿಗೆ ಗಂಡು, ನನಗೆ ಸ್ಯಾಂಪಲ್

ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದರೆ ಏನಾದರೊಂದು ಫಜೀತಿ ಆಗುತ್ತಲೇ ಇರುತ್ತದೆ. ಒಂದೂ ಆಗದ ವಾರ ನಮಗೇ ಏನೋ ಕಳಕೊಂಡ ಹಾಗಿರುತ್ತದೆ. ನಾನು ಚೆನ್ನೈಯ ಒಂದು ಸಾರ್ವಜನಿಕ ಆರೋಗ್ಯ ಲ್ಯಾಬಿನಲ್ಲಿ ರಿಸರ್ಚ್ ಕೆಮಿಸ್ಟ್. ಜನ ತಿನ್ನುವ, ಕುಡಿಯುವ ವಸ್ತುಗಳಲ್ಲಿ ಇರಬಾರದ್ದು ಏನಿದೆ ಅಂತ ಹುಡುಕುವುದು ನನ್ನ ಕೆಲಸ. ಈ ಫಜೀತಿಗಳು ಲ್ಯಾಬಿನಲ್ಲೇ ಮುಗಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಆಗ ಮನೆಯಲ್ಲಿ ನನ್ನ ತಂಗಿಗೆ ಗಂಡು ನೋಡುತ್ತಿದ್ದರು, ಬಂದ ಸಂಬಂಧಗಳೆಲ್ಲ ನನ್ನ ಕೆಲಸಕ್ಕೆ ಎಡವಿ ಬೀಳುತ್ತಿದ್ದವು. "ನಿನ್ನಿಂದಾಗಿ ನನಗೆ ಮದುವೆಯೇ ಆಗೋದಿಲ್ಲ" ಅಂತ ತಂಗಿ. "ನನ್ನಿಂದ ಅಂತ ಇನ್ನೂ ಸಾಬೀತಾಗಿಲ್ಲ" ಅಂತ ನಾನು.

ಒಳ್ಳೆಯ ಹಾಲು

ಪುರಸೈವಾಕ್ಕಂನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಒಬ್ಬರು ಮಾಮಿ ಇದ್ದಾರೆ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ನಮ್ಮವರೊಳಗೆ ಗಂಡು ಹೆಣ್ಣು ಕೂಡಿಸುವುದು ಅವರ ಹವ್ಯಾಸ, ಹಾಗಾಗಿ ಅವರ ಮಾತನ್ನು ಅಮ್ಮ ತೆಗೆದುಹಾಕುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಮಾಮಿ ಚೊಂಬಿನಲ್ಲಿ ಹಾಲು ಹಿಡಿದು ಬಂದರು.

"ನೋಡಿ ಹೇಳು. ಹಾಲಿನವನು ಎಂತ ಬೆರೆಸಿದ್ದಾನೆ?"

"ಬರೀ ನೋಡಿದ್ರೆ ಗೊತ್ತಾಗಲ್ಲ ಮಾಮಿ."

"ಡಾಕ್ಟರು ಬರೀ ನಾಲಿಗೆ ನೋಡಿ ಹೇಳ್ತಾರೆ. ನೀನು ಅಷ್ಟು ಓದಿದ್ದೀಯ!"

ಅಮ್ಮ ಒಳಗಿಂದ ಕಣ್ಣು ಬಿಟ್ಟಳು. ನಾನು ಹಾಲನ್ನು ಲ್ಯಾಬಿಗೆ ಒಯ್ದೆ. ನೀರಿಲ್ಲ, ಪಿಷ್ಟವಿಲ್ಲ, ಯೂರಿಯಾ ಇಲ್ಲ, ಸೋಪಿನ ಪುಡಿ ಇಲ್ಲ. ಸಂಜೆ ಖುಷಿಯಿಂದಲೇ ಮೆಟ್ಟಿಲು ಹತ್ತಿ ಹೇಳಿದೆ, "ಮಾಮಿ, ಹಾಲು ಬಹಳ ಒಳ್ಳೆಯದು."

ಮಾಮಿಯ ಮುಖ ಸಪ್ಪಗಾಯಿತು. "ಸರಿಯಾಗಿ ನೋಡಿದ್ದೀಯಾ? ಇನ್ನೊಂದು ಸಲ ನೋಡು ಮಾರಾಯ್ತಿ."

"ಯಾಕೆ ಮಾಮಿ?"

"ನಾನು ಬೆಳಿಗ್ಗೆಯೇ ಅವನ ಹತ್ರ ಜಗಳ ಆಡಿ ಆಯ್ತಲ್ಲ!"

ನಿನ್ನೆಯ ವಂಜರಂ

ಹಾಲಿನ ಸಿಟ್ಟು ಇಳಿದ ಮೇಲೆ ಮಾಮಿ ತಂಗಿಗೆ ಮೊದಲ ಸಂಬಂಧ ತಂದರು. ಹುಡುಗನ ಮನೆಯವರು ಬಹಳ ಮಡಿವಂತರು, ಅಡುಗೆಮನೆಗೆ ಈರುಳ್ಳಿಯೂ ಬರುವುದಿಲ್ಲ. ನಮ್ಮದೂ ಸಸ್ಯಾಹಾರಿ ಮನೆಯೇ. ಆದರೆ ಆ ವರ್ಷ ನಾನು ಮೀನು ಕೆಡದ ಹಾಗೆ ಏನಾದರೂ ರಾಸಾಯನಿಕ ಹಾಕುತ್ತಾರೋ ಅಂತ ಸಂಶೋಧನೆ ಮಾಡುತ್ತಿದ್ದೆ. ಕಾಸಿಮೇಡಿನ ಬಂದರಿಗೆ ಬೆಳಗಿನ ಹರಾಜಿಗೇ ಹೋಗಿ ಮೀನು ಕೊಂಡು ಲ್ಯಾಬಿಗೆ ತರಬೇಕು. ಅಮ್ಮ ನೆರೆಹೊರೆಗೆಲ್ಲ "ಹಾಲು ನೋಡುವ ಕೆಲಸ" ಅಂತಲೇ ಹೇಳಿಕೊಂಡಿದ್ದಳು.

ಹುಡುಗನ ಸೋದರತ್ತೆ ಬಂದಿದ್ದಾಗ ಸೀರೆ ಅಂಗಡಿ ತೋರಿಸೋಣ ಅಂತ ಮಾಮಿ, ನಾನು, ಅವರು ಬೀದಿಗಿಳಿದೆವು. ಎದುರಿನಿಂದ ಬುಟ್ಟಿ ಹೊತ್ತ ಮೀನಿನ ಹೆಂಗಸು. ಬಂದರಿನಲ್ಲಿ ನನಗೆ ಖಾಯಂ ಮೀನು ಕೊಡುವವಳು ಅವಳೇ. ನನ್ನನ್ನು ಕಂಡವಳೇ ಬೀದಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಕೂಗಿದಳು.

"ಮೇಡಂ! ನಿನ್ನೆ ಕೊಂಡು ಹೋದ ವಂಜರಂ ಹೇಗಿತ್ತು?"

ಆ ವಂಜರಂ ಮೀನು ನಿಜಕ್ಕೂ ಶುದ್ಧವಾಗಿತ್ತು. ಒಳ್ಳೆಯ ಫಲಿತಾಂಶವನ್ನು ಮುಚ್ಚಿಡುವುದು ನನ್ನಿಂದ ಆಗುವುದಿಲ್ಲ. "ಬಹಳ ಚೆನ್ನಾಗಿತ್ತಮ್ಮ" ಅಂದೆ.

"ನಾಳೆ ಬನ್ನಿ, ಇನ್ನೂ ದೊಡ್ಡದು ಇಟ್ಟಿರ್ತೇನೆ" ಅಂತ ಅವಳು ಹೋದಳು.

ಸೋದರತ್ತೆ ಸೆರಗು ಮೂಗಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಸುಮ್ಮನಿರಬಹುದಿತ್ತು. ಆದರೆ ತಪ್ಪು ತಿಳುವಳಿಕೆ ಉಳಿಯಬಾರದು ಅಂತ ವಿವರಿಸಿದೆ. "ಛೆ ಛೆ, ನಾನು ತಿನ್ನೋದಿಲ್ಲ. ಕೊಚ್ಚಿ, ಅರೆದು, ಆಸಿಡ್ಡಿನಲ್ಲಿ ಕುದಿಸ್ತೇನೆ, ಅಷ್ಟೇ."

ವಿವರಿಸಿದ ಮೇಲೆ ಅವರು ಸೀರೆ ಅಂಗಡಿಗೂ ಬರಲಿಲ್ಲ.

ಪ್ರಸಾದ

ತಂಗಿ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಆ ವಾರವೇ ಲ್ಯಾಬಿಗೆ ಯಾವುದೋ ದೇವಸ್ಥಾನದ ಸಕ್ಕರೆ ಪೊಂಗಲ್ ಪರೀಕ್ಷೆಗೆ ಬಂತು. ಸೀಲ್ ಮಾಡಿದ ಡಬ್ಬಿ. ನಮ್ಮ ಅಟೆಂಡರ್ ಸೀಲ್ ಒಡೆದು, ಪರೀಕ್ಷೆಗೆ ಬೇಕಾದಷ್ಟು ತೂಗಿ ತೆಗೆದಿಡುವ ಮೊದಲು, ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡ. ದೇವಸ್ಥಾನದ್ದು ಅಂದ ಮೇಲೆ ಒಬ್ಬನೇ ತಿನ್ನುವುದು ಸರಿಯಲ್ಲ ಅಂತ ಎಲ್ಲರ ಮೇಜಿಗೂ ಹಂಚುತ್ತ ಬಂದ. ನಾನು ತಲೆಯೆತ್ತಿಯೂ ನೋಡದೆ ಕೈಯೊಡ್ಡಿದೆ. ತಂಗಿಯ ಮದುವೆ ಬೇಗ ಕೂಡಿಬರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡು ಬಾಯಿಗೆ ಹಾಕಿಕೊಂಡೆ. ಏಲಕ್ಕಿ ಹದವಾಗಿತ್ತು.

ಮಧ್ಯಾಹ್ನ ನಮ್ಮ ದೊಡ್ಡ ಸಾಹೇಬರು ಕೋಣೆಯಿಂದ ಹೊರಗೆ ಬಂದರು. "ಪೊಂಗಲ್ ಸ್ಯಾಂಪಲ್ ಎಲ್ಲಿ?"

ಅಟೆಂಡರ್ ಕೈ ಕಟ್ಟಿ ನಿಂತ. "ನಿಮಗೂ ಕೊಟ್ಟೆನಲ್ಲ ಸಾರ್. ಕಣ್ಣು ಮುಚ್ಚಿ ತಗೊಂಡ್ರಿ."

ಲ್ಯಾಬಿಗೆ ಲ್ಯಾಬೇ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಸರ್ವೀಸಿನಲ್ಲಿ ಅಷ್ಟು ಪೂರ್ತಿಯಾಗಿ ಮಾಡಿದ ಪರೀಕ್ಷೆ ಇನ್ನೊಂದಿಲ್ಲ, ವರದಿಯಲ್ಲಿ ಬರೆಯುವ ಹಾಗಿರಲಿಲ್ಲ ಅಷ್ಟೇ.

ತುಪ್ಪದ ಹಾಗೆ

ಪೊಂಗಲ್ ಫಲ ಕೊಟ್ಟಿತೋ ಏನೋ, ಮಾಮಿ ಇನ್ನೊಂದು ಸಂಬಂಧ ತಂದರು. ಈ ಸಲ ನಾವೇ ಅವರ ಮನೆಗೆ ಹೋದೆವು. ಹುಡುಗನ ತಾಯಿ ದೋಸೆಯ ಮೇಲೆ ತುಪ್ಪ ಸುರಿದು, ನನ್ನ ಎದುರಿಗೇ ಕೂತರು.

"ನೀವು ಅದೇ ಕೆಲಸದವರಂತೆ. ಹೇಳಿ, ನಮ್ಮ ಮನೆ ತುಪ್ಪ ಹೇಗಿದೆ?"

ನಾನು ಬೆರಳಿಗೆ ಹಚ್ಚಿ ನೋಡಿದೆ, ಮೂಸಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಆಮೇಲೆ ಹೇಳಿದೆ, "ನೋಡೋಕೆ ತುಪ್ಪದ ಹಾಗೇ ಇದೆ."

ಇದು ಹೊಗಳಿಕೆ. ಪರೀಕ್ಷೆಗೆ ಮೊದಲು ನಮ್ಮ ಲ್ಯಾಬಿನಲ್ಲಿ ಇದಕ್ಕಿಂತ ಒಳ್ಳೆಯ ಮಾತನ್ನು ಯಾರೂ ಆಡುವುದಿಲ್ಲ. ಆ ಮನೆಯವರಿಗೆ ಅದು ತಿಳಿಯಲಿಲ್ಲ. ತಿಳಿಸಿ ಹೇಳುತ್ತೇನೆ ಅಂತ ನಾನು ಎದ್ದರೆ, ಅಮ್ಮ ನನ್ನ ಸೀರೆ ಹಿಡಿದು ಕೂರಿಸಿದಳು.

ಕೇಸರಿಬಾತು

ಆಮೇಲೆ ಬಂದದ್ದು ಹೋಟೆಲಿನವರ ಸಂಬಂಧ. ಮಾಧವರಂ ಬಸ್ ಸ್ಟ್ಯಾಂಡಿನ ಹತ್ತಿರ ಕೆಳಗೆ ಹೋಟೆಲು, ಮೇಲೆ ಮನೆ. ಹುಡುಗ ಒಳ್ಳೆಯವನು. ತಂಗಿ ಅವನ ಜೊತೆ ಫೋನಿನಲ್ಲಿ ಮಾತಾಡಿ ಮಾತಾಡಿ ಮನಸ್ಸು ಕೊಟ್ಟೇಬಿಟ್ಟಿದ್ದಳು. ಹೊರಡುವ ಮೊದಲು ನನ್ನ ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರು.

"ಅಕ್ಕಾ, ಪ್ಲೀಸ್. ಅಲ್ಲಿ ವಾಯೇ ತೊರಕ್ಕಾದೆ."

ತಮಿಳಿನಲ್ಲಿ ಕಲಿತವಳು, ಸಂಕಟ ಬಂದರೆ ತಮಿಳೇ ಬರುತ್ತದೆ. ಬಾಯಿಯೇ ಬಿಡಬೇಡ ಅಂದದ್ದು. ಒಂದು ಅಕ್ಷರ ಆಡುವುದಿಲ್ಲ ಅಂತ ಮಾತು ಕೊಟ್ಟೆ.

ಹುಡುಗನ ತಂದೆ ಹೆಗಲ ಮೇಲೆ ಟವೆಲು ಹಾಕಿಕೊಂಡು ತಾವೇ ಬಡಿಸಿದರು. ಇಡ್ಲಿ, ಸಾಂಬಾರು, ಚಟ್ನಿ, ಕೇಸರಿಬಾತು, ಕಾಫಿ. ನಾನು ತಲೆ ತಗ್ಗಿಸಿ ತಿನ್ನತೊಡಗಿದೆ. ನನ್ನ ಕೆಲಸ ಏನು ಅಂತ ಮಾಮಿ ಮೊದಲೇ ಹೇಳಿಟ್ಟಿದ್ದರು, ಅವರು ನನ್ನ ತಟ್ಟೆಯ ಎದುರಿನಿಂದ ಕದಲಲಿಲ್ಲ.

"ಮೇಡಂ, ನೀವು ಎಂತದೂ ಹೇಳಲೇ ಇಲ್ಲ?"

ನಕ್ಕೆ. ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಿದೆ.

ಅವರು ಬಗ್ಗಿ ದನಿ ತಗ್ಗಿಸಿದರು. "ಸಾಂಬಾರಿನ ಬೇಳೆಗೆ ಚಿಟಿಕೆ ಸೋಡಾ ಹಾಕ್ತೇವೆ. ಬೇಗ ಬೇಯಲಿ ಅಂತ. ಅಷ್ಟೇ ಮೇಡಂ."

ಅದೇನು ದೊಡ್ಡ ಅಪರಾಧವಲ್ಲ. ಹೇಳೋಣ ಅಂದರೆ ಬಾಯಿ ಬಿಡುವ ಹಾಗಿಲ್ಲ. ತಲೆಯಾಡಿಸಿ ಚಟ್ನಿಗೆ ಕೈ ಹಾಕಿದೆ.

"ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಸ್ವಲ್ಪ ಹೆಚ್ಚುಂಟು" ಅಂದರು.

ಅದೂ ತಪ್ಪಲ್ಲ. ಕಾಫಿ ಲೋಟ ಎತ್ತಿದೆ.

"ಚಿಕೋರಿ ಉಂಟು!"

ಬಾಗಿಲಲ್ಲಿ ನಿಂತ ಅವರ ಹೆಂಡತಿ ಕೇಳಿದರು, "ಅಲ್ಲ, ಚಿಕೋರಿ ಹಾಕುವುದೇ ಇಲ್ಲ ಅಂತ ಬೋರ್ಡು ಬರೆಸಿದ್ದೀರಲ್ಲ?"

ಅವರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಪಕ್ಕದಲ್ಲಿ ತಂಗಿ ಇಡ್ಲಿ ಮುಟ್ಟದೆ ಕೂತಿದ್ದಳು. ಸಂಬಂಧ ಮುರಿದೇ ಬಿತ್ತು ಅಂತ ಅವಳ ಮುಖದಲ್ಲಿ ಬರೆದಿತ್ತು. ನನಗೆ ಅಳು ಬರುವ ಹಾಗಾಯಿತು. ಏನು ಮಾಡಲೂ ತೋಚದೆ ಒಂದು ಚಮಚ ಕೇಸರಿಬಾತು ಎತ್ತಿದೆ.

"ಬಣ್ಣ!" ಅಂತ ಅವರು ಕೂಗಿಕೊಂಡರು. "ಕೇಸರಿಯಲ್ಲ ಮೇಡಂ, ಬಣ್ಣ. ಡಬ್ಬಿಯ ಬಣ್ಣ! ಬೈಯುವ ಆಫೀಸರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹೀಗೆ ಸುಮ್ಮನೆ ಕೂತು ತಿನ್ನುವವರನ್ನು ನೋಡಿಲ್ಲ. ಇವತ್ತಿಗೇ ಬಿಟ್ಟೆ. ದೇವರಾಣೆ ಬಿಟ್ಟೆ."

"ಮದುವೆಯಾದಾಗಿನಿಂದ ನನಗೆ ಕಾಶ್ಮೀರದ ಕೇಸರಿ ಅಂತ ಹೇಳ್ತಾ ಬಂದಿದ್ದೀರಲ್ಲ!" ಅಂದರು ಹೆಂಡತಿ. ಆಮೇಲೆ ಆಕೆ ನೇರ ಅಮ್ಮನ ಹತ್ತಿರ ಬಂದು ಕೂತರು. "ನೋಡಿ, ನಾನು ಇಷ್ಟು ವರ್ಷ ಕೂಗಾಡಿ ಒಂದು ಸತ್ಯ ಹೊರಡಿಸಲಿಕ್ಕೆ ಆಗಲಿಲ್ಲ. ನಿಮ್ಮ ಮಗಳು ಬಾಯಿ ಬಿಡದೆ ನಾಲ್ಕು ಹೊರಡಿಸಿದಳು. ನನಗೆ ಈ ಮನೆಯ ಹುಡುಗಿಯೇ ಬೇಕು."

ತಂಗಿ ಮೇಜಿನ ಕೆಳಗೆ ನನ್ನ ಕೈ ಹಿಸುಕಿದಳು. ನೋವಾಯಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ಬೀಗರು ಮಾತಿಗೆ ತಪ್ಪುವವರಲ್ಲ. ಬೆಳಗಿನ ತಿಂಡಿಗೆ ತಾವೇ ನಿಂತು, ಬಣ್ಣ ಒಂದು ಹನಿ ಸೋಕಿಸದೆ, ಒಳ್ಳೆಯ ತುಪ್ಪ ಗೋಡಂಬಿ ಹಾಕಿ ಕೇಸರಿಬಾತು ಮಾಡಿಸಿದರು. ಮಲ್ಲಿಗೆ ಹೂವಿನಷ್ಟು ಬೆಳ್ಳಗೆ ಬಂತು. ಪಂಕ್ತಿಯಲ್ಲಿ ಕೂತವರೆಲ್ಲ ಉಪ್ಪಿಟ್ಟು ಅಂದುಕೊಂಡು ಅದರ ಮೇಲೆ ಚಟ್ನಿ ಹಾಕಿಸಿಕೊಂಡರು. ನಾನು ಆ ಕಡೆ ಹಾದುಹೋಗುವಾಗ ಹುಡುಗನ ದೊಡ್ಡಪ್ಪ ಕೈ ಸನ್ನೆ ಮಾಡಿ ಕರೆದು, ಎಲೆ ತೋರಿಸಿ, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದರು.

"ಮೇಡಂ, ನೀವು ಇಲ್ಲಿದ್ದದ್ದು ಒಳ್ಳೆಯದಾಯ್ತು. ಉಪ್ಪಿಟ್ಟಿಗೆ ಯಾರೋ ಸಕ್ಕರೆ ಕಲಬೆರಕೆ ಮಾಡಿದ್ದಾರೆ. ಹಿಡಿಯಿರಿ ಅವರನ್ನು."